ಗಂಡ ಒಂದು ರಾಜ್ಯ, ಹೆಂಡತಿ ಇನ್ನೊಂದು ರಾಜ್ಯ: ಅಮೆರಿಕದಲ್ಲಿ ಟ್ಯಾಕ್ಸ್ ಫೈಲ್ ಮಾಡುವುದು ಹೇಗೆ?

ಫೆಬ್ರುವರಿ ಬಂತೆಂದರೆ ನನ್ನ ವಾಟ್ಸಾಪ್‌ಗೆ ಒಂದೇ ಪ್ರಶ್ನೆ ನಾಲ್ಕೈದು ಊರುಗಳಿಂದ ಬರುತ್ತದೆ. "ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೀನಿ, ನಮ್ಮವರು ಫ್ಲೋರಿಡಾದ ಟ್ಯಾಂಪಾದಲ್ಲಿ. ಟ್ಯಾಕ್ಸ್ ಒಟ್ಟಿಗೆ ಹಾಕ್ಬೇಕಾ, ಬೇರೆ ಬೇರೆ ಹಾಕ್ಬೇಕಾ?" ಪ್ರಾಜೆಕ್ಟ್ ಸಿಕ್ಕ ಊರಿಗೆ ಒಬ್ಬರು, ಓದಲು ಸೀಟು ಸಿಕ್ಕ ಊರಿಗೆ ಇನ್ನೊಬ್ಬರು ಎಂದು ಎರಡೆರಡು ಮನೆ ಬಾಡಿಗೆ ಕಟ್ಟುವ ನಮ್ಮ ಜೋಡಿಗಳು ಇಲ್ಲಿ ಕಡಿಮೆ ಇಲ್ಲ. ಹೇಳಿದ್ದನ್ನೇ ಹೇಳಿ ಸಾಕಾಗಿದೆ, ಒಮ್ಮೆ ಬರೆದಿಡುತ್ತೇನೆ.

ಮೊದಲು ಒಂದು ಗಂಟು ಬಿಚ್ಚೋಣ. ಇಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಕೇಂದ್ರ ಸರ್ಕಾರದ, ಅಂದರೆ ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ ನಿಮ್ಮನ್ನು ಒಂದು ಜೋಡಿಯಾಗಿ ನೋಡುತ್ತದೆ. ಯಾರು ಯಾವ ಊರಲ್ಲಿದ್ದೀರಿ ಎಂಬುದು ಅದಕ್ಕೆ ಬೇಕಿಲ್ಲ. ರಾಜ್ಯ ಮಾತ್ರ ನಿಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ಹಿಡಿದು, "ನೀನು ನಮ್ಮವನಾ, ಅಲ್ಲವಾ?" ಎಂದು ಕೇಳುತ್ತದೆ. ಈ ಎರಡನ್ನೂ ಒಂದೇ ಪ್ರಶ್ನೆ ಮಾಡಿಕೊಂಡವರೇ ಹೆಚ್ಚು ದುಡ್ಡು ಕಟ್ಟುವುದು.

ನಾನು ಸಿಪಿಎ (ಪರವಾನಗಿ ಪಡೆದ ಲೆಕ್ಕಿಗ) ಅಲ್ಲ, ಹಲವು ವರ್ಷ ಇದನ್ನೇ ಮಾಡಿ ಕಲಿತವನು. ಕೆಳಗಿನ ಅಂಕಿಗಳು 2025ರ ಆದಾಯಕ್ಕೆ, ಅಂದರೆ 2026ರ ಏಪ್ರಿಲ್ 15ರೊಳಗೆ ಹಾಕಬೇಕಾದ ರಿಟರ್ನ್‌ಗೆ ಸಂಬಂಧಿಸಿದವು.

ಕೂರುವ ಮೊದಲು ಕೈಯಲ್ಲಿರಲಿ

ಇಬ್ಬರ ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳ ಚೀಟಿ), ಬ್ಯಾಂಕ್ ಮತ್ತು ಷೇರು ಖಾತೆಗಳ 1099ಗಳು (ಬಡ್ಡಿ, ಷೇರು ಆದಾಯದ ಚೀಟಿಗಳು), ಹೋದ ವರ್ಷದ ರಿಟರ್ನ್, ಎರಡೂ ಮನೆಗಳ ಬಾಡಿಗೆ ಕರಾರು. ಇವನ್ನು ಎಲ್ಲರೂ ಇಟ್ಟುಕೊಂಡಿರುತ್ತಾರೆ. ಮರೆಯುವುದು ಎರಡು. ಒಂದು, ಯಾರು ಯಾವ ರಾಜ್ಯದಲ್ಲಿ ಎಷ್ಟು ದಿನ ಇದ್ದರು ಎಂಬ ಪಟ್ಟಿ. ವಿಮಾನದ ಟಿಕೆಟ್ ಇಮೇಲ್‌ಗಳನ್ನು ಹುಡುಕಿದರೆ ಅರ್ಧ ಗಂಟೆಯಲ್ಲಿ ಸಿದ್ಧವಾಗುತ್ತದೆ. ಇನ್ನೊಂದು, ಊರಿನ ಬ್ಯಾಂಕಿನ ಬಡ್ಡಿ. ಇಂಡಿಯಾದ ಬ್ಯಾಂಕು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಸರ್ಟಿಫಿಕೇಟ್ ಕೊಡುತ್ತದೆ, ಇಲ್ಲಿ ಬೇಕಾದ್ದು ಜನವರಿಯಿಂದ ಡಿಸೆಂಬರ್‌ದು. ಸ್ಟೇಟ್‌ಮೆಂಟ್ ತೆಗೆದು ನೀವೇ ಕೂಡಬೇಕು. ಎನ್‌ಆರ್‌ಇ (ಅನಿವಾಸಿ ಭಾರತೀಯರ) ಖಾತೆಯ ಬಡ್ಡಿಗೆ ಅಲ್ಲಿ ತೆರಿಗೆ ಇಲ್ಲದಿದ್ದರೂ ಇಲ್ಲಿ ಇದೆ.

ಡಬ್ಲ್ಯೂ-2 ಬಂದ ಕೂಡಲೇ 15, 16, 17ನೇ ಚೌಕಗಳನ್ನು ನೋಡಿ. ಯಾವ ರಾಜ್ಯ, ಆ ರಾಜ್ಯಕ್ಕೆ ಎಷ್ಟು ಸಂಬಳ, ಎಷ್ಟು ತೆರಿಗೆ ಹಿಡಿದಿದ್ದಾರೆ ಎಂಬುದು ಅಲ್ಲಿರುತ್ತದೆ. ಫ್ಲೋರಿಡಾಕ್ಕೆ ಹೋಗಿ ವರ್ಷವಾದರೂ ಎಚ್‌ಆರ್ ಕಡತದಲ್ಲಿ ಹಳೆಯ ವಿಳಾಸವೇ ಉಳಿದು, ನ್ಯೂಜೆರ್ಸಿಗೆ ತೆರಿಗೆ ಹೋಗುತ್ತಿರುವುದು ತೀರಾ ಸಾಮಾನ್ಯ. ತಪ್ಪಿದ್ದರೆ ತಿದ್ದಿದ ಚೀಟಿ, ಅಂದರೆ ಡಬ್ಲ್ಯೂ-2ಸಿ ಕೇಳಿ. ಅದು ಬರಲು ವಾರಗಟ್ಟಲೆ ಹಿಡಿಯಬಹುದು. ಮಾರ್ಚ್ ಕೊನೆಗೆ ಎಚ್ಚರವಾದರೆ ಕಷ್ಟ.

ಹಂತ 1: ಡಿಸೆಂಬರ್ 31ರಂದು ನಿಮಗೆ ಮದುವೆಯಾಗಿತ್ತೇ?

ಆ ಒಂದು ದಿನವೇ ಲೆಕ್ಕ. ಡಿಸೆಂಬರ್ 28ಕ್ಕೆ ಧಾರೆಯಾಗಿದ್ದರೂ ಇಡೀ ವರ್ಷಕ್ಕೆ ನೀವು ವಿವಾಹಿತರು. ಬೇರೆ ಊರಲ್ಲಿದ್ದೀವಲ್ಲ ಎಂದು 'ಸಿಂಗಲ್' ಎಂದು ಹಾಕುವಂತಿಲ್ಲ.

ಇಲ್ಲೊಂದು ಗುಂಡಿ ಇದೆ. ಮಗು ತಾಯಿಯ ಹತ್ತಿರ ಇದ್ದರೆ ಆಕೆ 'ಹೆಡ್ ಆಫ್ ಹೌಸ್‌ಹೋಲ್ಡ್' (ಒಂಟಿಯಾಗಿ ಮನೆ ನಡೆಸುವವರಿಗೆ ಇರುವ ವರ್ಗ, ಇದಕ್ಕೆ ತೆರಿಗೆ ಕಡಿಮೆ) ಎಂದು ಹಾಕಬಹುದು ಎಂಬ ಸಲಹೆ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಅದಕ್ಕೆ ವರ್ಷದ ಕೊನೆಯ ಆರು ತಿಂಗಳು ಗಂಡ ಹೆಂಡತಿ ಬೇರೆ ಇದ್ದಿರಬೇಕು. ಆದರೆ ಕೆಲಸಕ್ಕೋ ಓದಿಗೋ ಹೋಗಿ ಮತ್ತೆ ಮನೆಗೆ ಬರುವವರನ್ನು ಐಆರ್‌ಎಸ್ 'ತಾತ್ಕಾಲಿಕವಾಗಿ ಹೊರಗಿರುವವರು' ಎನ್ನುತ್ತದೆ, 'ಬೇರೆ ಇರುವವರು' ಎನ್ನುವುದಿಲ್ಲ. ಸಂಸಾರ ಚೆನ್ನಾಗಿದ್ದು ಪ್ರಾಜೆಕ್ಟ್‌ಗಾಗಿ ದೂರ ಇರುವವರು ಈ ಆಸೆ ಬಿಡುವುದು ಕ್ಷೇಮ.

ಹಂತ 2: ಇಬ್ಬರೂ ತೆರಿಗೆಯ ಲೆಕ್ಕದಲ್ಲಿ 'ರೆಸಿಡೆಂಟ್' ಹೌದೇ?

ಇದು ವೀಸಾದ ಮಾತಲ್ಲ, ದಿನಗಳ ಮಾತು. ಎಚ್-1ಬಿ (ಕೆಲಸದ ವೀಸಾ) ಅಥವಾ ಎಚ್-4ರಲ್ಲಿ (ಅವರ ಸಂಗಾತಿಯ ವೀಸಾ) ವರ್ಷಪೂರ್ತಿ ಇಲ್ಲೇ ಇದ್ದವರು ರೆಸಿಡೆಂಟ್, ಅಂದರೆ ಇಲ್ಲಿನ ನಿವಾಸಿ. ಇಬ್ಬರೂ ಹಾಗಿದ್ದರೆ ಈ ಹಂತ ದಾಟಿ ಮುಂದೆ ಹೋಗಿ.

ತೊಡಕು ಬರುವುದು ಒಬ್ಬರು ಎಫ್-1ನಲ್ಲಿದ್ದಾಗ. ಗಂಡ ಜೆರ್ಸಿಯಲ್ಲಿ ಕೆಲಸ, ಹೆಂಡತಿ ಅರಿಜೋನಾದಲ್ಲಿ ಎಂಎಸ್ ಎಂದುಕೊಳ್ಳಿ. ಎಫ್-1 ವಿದ್ಯಾರ್ಥಿಗಳ ದಿನಗಳನ್ನು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಎಣಿಸುವುದಿಲ್ಲ, ಹಾಗಾಗಿ ಆಕೆ 'ನಾನ್‌ರೆಸಿಡೆಂಟ್ ಏಲಿಯನ್'. ಆಗ ನಿಮ್ಮ ಮುಂದೆ ಎರಡು ದಾರಿ. ಗಂಡ 1040 ಫಾರ್ಮ್‌ನಲ್ಲಿ (ರೆಸಿಡೆಂಟ್‌ಗಳದು), ಹೆಂಡತಿ 1040-ಎನ್‌ಆರ್‌ನಲ್ಲಿ (ನಾನ್‌ರೆಸಿಡೆಂಟ್‌ಗಳದು) ಬೇರೆ ಬೇರೆ ಹಾಕುವುದು ಒಂದು. ಇಂಡಿಯಾ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ನಮ್ಮ ವಿದ್ಯಾರ್ಥಿಗಳಿಗೆ 1040-ಎನ್‌ಆರ್‌ನಲ್ಲೂ ಸ್ಟ್ಯಾಂಡರ್ಡ್ ಡಿಡಕ್ಷನ್ (ಲೆಕ್ಕ ಕೇಳದೆ ಕೊಡುವ ಕಡಿತ) ಸಿಗುತ್ತದೆ, ಅದನ್ನು ಬಿಡಬೇಡಿ. ಇನ್ನೊಂದು ದಾರಿ: 'ಆಕೆಯನ್ನೂ ರೆಸಿಡೆಂಟ್ ಎಂದೇ ಪರಿಗಣಿಸಿ' ಎಂದು ಇಬ್ಬರೂ ಸಹಿ ಮಾಡಿದ ಒಂದು ಪುಟದ ಹೇಳಿಕೆಯನ್ನು ರಿಟರ್ನ್ ಜೊತೆ ಲಗತ್ತಿಸಿ ಜಂಟಿಯಾಗಿ ಹಾಕುವುದು. ಇದನ್ನು 6013(ಜಿ) ಆಯ್ಕೆ ಎನ್ನುತ್ತಾರೆ. ಇದನ್ನು ಆರಿಸಿದರೆ ಇಬ್ಬರ ಪ್ರಪಂಚದಾದ್ಯಂತದ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಹೆಂಡತಿ ಹೆಸರಲ್ಲಿ ಊರಲ್ಲಿ ಬಾಡಿಗೆ ಬರುವ ಮನೆ ಇದ್ದರೆ ಮೊದಲು ಕೂಡಿಸಿ ನೋಡಿ.

ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್) ಇಲ್ಲದ ಎಚ್-4ನವರಿಗೆ ಐಟಿನ್ (ಅದರ ಬದಲಿಗೆ ಐಆರ್‌ಎಸ್ ಕೊಡುವ ತೆರಿಗೆ ಸಂಖ್ಯೆ) ಬೇಕು. ಅದರ ಅರ್ಜಿ ಡಬ್ಲ್ಯೂ-7. ಇದಕ್ಕಾಗಿ ಮೂಲ ಪಾಸ್‌ಪೋರ್ಟನ್ನೇ ಅಂಚೆಗೆ ಹಾಕಿ ವಾರಗಟ್ಟಲೆ ಉಸಿರು ಬಿಗಿಹಿಡಿದು ಕೂರಬೇಡಿ. ಐಆರ್‌ಎಸ್‌ನ ಸ್ಥಳೀಯ ಸಹಾಯ ಕೇಂದ್ರದಲ್ಲಿ ಅಥವಾ ಅದರ ಮಾನ್ಯತೆ ಪಡೆದ ಏಜೆಂಟ್ ಹತ್ತಿರ ಪಾಸ್‌ಪೋರ್ಟ್ ತೋರಿಸಿ, ಅಲ್ಲೇ ದೃಢೀಕರಿಸಿಕೊಂಡು ವಾಪಸ್ ತರಬಹುದು.

ಹಂತ 3: ಫೆಡರಲ್ – ಜಂಟಿಯೋ, ಬೇರೆಯೋ?

ಬಹುಪಾಲು ಜೋಡಿಗಳಿಗೆ ಉತ್ತರ ಜಂಟಿ. ಆದರೆ ಕಾರಣ ಜನ ಅಂದುಕೊಂಡಿದ್ದಲ್ಲ. ಎಡಿಸನ್‌ನ ಹೆಂಡತಿಗೆ 1,20,000 ಡಾಲರ್ ಸಂಬಳ, ಟ್ಯಾಂಪಾದ ಗಂಡನಿಗೆ 1,10,000 ಎಂದಿಟ್ಟುಕೊಳ್ಳಿ. ಬೇರೆ ಆದಾಯ ಇಲ್ಲ, ಮಕ್ಕಳಿಲ್ಲ. ಜಂಟಿಯಾಗಿ ಹಾಕಿದರೆ 31,500 ಡಾಲರ್ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ತೆರಿಗೆ ಸುಮಾರು 33,498. ಬೇರೆ ಬೇರೆ ಹಾಕಿ, ತಲಾ 15,750 ಕಳೆದು ಇಬ್ಬರದೂ ಕೂಡಿದರೆ ಸುಮಾರು 33,516. ವ್ಯತ್ಯಾಸ 18 ಡಾಲರ್! ಸಂಬಳಗಳು ಹತ್ತಿರ ಹತ್ತಿರ ಇದ್ದರೆ ದರದಿಂದ ಲಾಭ ಇಷ್ಟೇ. ಒಬ್ಬರಿಗೆ 2,00,000, ಇನ್ನೊಬ್ಬರಿಗೆ 30,000 ಇದ್ದಾಗ ಜಂಟಿಯಿಂದ ಸಾವಿರಗಟ್ಟಲೆ ಉಳಿಯುತ್ತದೆ.

ನಿಜವಾದ ಪೆಟ್ಟು ಬೀಳುವುದು ಬೇರೆ ಹಾಕಿದಾಗ ಕೈತಪ್ಪುವ ಸವಲತ್ತುಗಳಲ್ಲಿ. ಸ್ಟೂಡೆಂಟ್ ಲೋನ್ ಬಡ್ಡಿಯ ಕಡಿತ ಇಲ್ಲ, ಕಾಲೇಜು ಫೀಸಿನ ಕ್ರೆಡಿಟ್ (ತೆರಿಗೆಯಲ್ಲೇ ನೇರವಾಗಿ ಕಳೆಯುವ ಮೊತ್ತ) ಇಲ್ಲ, ಡೇಕೇರ್ ಖರ್ಚಿನ ಕ್ರೆಡಿಟ್ ಸಾಮಾನ್ಯವಾಗಿ ಇಲ್ಲ. ಷೇರಿನ ನಷ್ಟವನ್ನು ಸಂಬಳದ ಎದುರು ಕಳೆಯುವ ಮಿತಿ 3,000ದಿಂದ 1,500ಕ್ಕೆ ಇಳಿಯುತ್ತದೆ. ವರ್ಷದಲ್ಲಿ ಸ್ವಲ್ಪ ಕಾಲ ಒಟ್ಟಿಗೆ ವಾಸವಿದ್ದರೂ ರಾತ್ ಐಆರ್‌ಎಗೆ (ನಿವೃತ್ತಿ ಉಳಿತಾಯ ಖಾತೆ) ನೇರವಾಗಿ ಹಾಕುವ ಅರ್ಹತೆ 10,000 ಡಾಲರ್ ಆದಾಯಕ್ಕೇ ಮುಗಿಯುತ್ತದೆ. ವರ್ಷದ ಶುರುವಿನಲ್ಲೇ ಹಾಕಿಬಿಟ್ಟವರಿಗೆ ಇದು ದಂಡದ ವಿಷಯ. ಒಬ್ಬರು ಗೃಹಸಾಲದ ಬಡ್ಡಿ ಇತ್ಯಾದಿ ಬಿಡಿಬಿಡಿಯಾಗಿ ತೋರಿಸಿದರೆ ಇನ್ನೊಬ್ಬರೂ ಹಾಗೇ ತೋರಿಸಬೇಕು, ಸ್ಟ್ಯಾಂಡರ್ಡ್ ಡಿಡಕ್ಷನ್ ಕೇಳುವಂತಿಲ್ಲ.

ಹಾಗಾದರೆ ಬೇರೆ ಹಾಕುವುದು ಯಾರಿಗೆ ಸರಿ? ಸ್ಟೂಡೆಂಟ್ ಲೋನ್ ಕಂತನ್ನು ಆದಾಯ ನೋಡಿ ನಿಗದಿ ಮಾಡುವ ಯೋಜನೆಯಲ್ಲಿ ಇರುವವರಿಗೆ ಕೆಲವೊಮ್ಮೆ ಸರಿ. ಒಬ್ಬರ ಹಳೆಯ ಬಾಕಿಯೋ ಬಿಸಿನೆಸ್ ಲೆಕ್ಕವೋ ಇನ್ನೊಬ್ಬರಿಗೆ ನಂಬಿಕೆ ಬರುವಂತಿಲ್ಲದಿದ್ದರೆ ಖಂಡಿತ ಸರಿ. ಜಂಟಿ ರಿಟರ್ನ್‌ಗೆ ಸಹಿ ಹಾಕಿದರೆ ಪೂರ್ತಿ ತೆರಿಗೆಗೆ ಇಬ್ಬರೂ ಹೊಣೆ. ಮುಂದೆ ವಿಚ್ಛೇದನವಾದರೂ ಆ ವರ್ಷದ ಬಾಕಿ ಬೆನ್ನು ಬಿಡುವುದಿಲ್ಲ. ಇನ್ನೊಂದು ನೆನಪಿಡಿ: ಬೇರೆ ಹಾಕಿದ್ದನ್ನು ಮೂರು ವರ್ಷದೊಳಗೆ ಜಂಟಿಗೆ ಬದಲಾಯಿಸಬಹುದು, ಜಂಟಿ ಹಾಕಿದ್ದನ್ನು ಗಡುವು ಕಳೆದ ಮೇಲೆ ಬೇರೆ ಮಾಡಲಾಗದು.

ಹಂತ 4: ಯಾರು ಯಾವ ರಾಜ್ಯದವರು?

ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದ ಜಾಗ ಇದು. ಎರಡು ಪದ ಗೊತ್ತಿರಲಿ. 'ಡೊಮಿಸೈಲ್' ಅಂದರೆ ಖಾಯಂ ನೆಲೆ, ಎಲ್ಲಿಗೆ ಹೋದರೂ ಕೊನೆಗೆ ವಾಪಸಾಗುವ ಮನೆ. ಅದು ಒಂದೇ ಇರಲು ಸಾಧ್ಯ. 'ಸ್ಟ್ಯಾಚ್ಯುಟರಿ ರೆಸಿಡೆಂಟ್' ಅಂದರೆ ನೆಲೆ ಬೇರೆ ಕಡೆ ಇದ್ದರೂ ಆ ರಾಜ್ಯದಲ್ಲಿ ಒಂದು ಖಾಯಂ ಮನೆ ಇಟ್ಟುಕೊಂಡು 183ಕ್ಕಿಂತ ಹೆಚ್ಚು ದಿನ ಕಳೆದವರು. ನ್ಯೂಯಾರ್ಕ್, ನ್ಯೂಜೆರ್ಸಿ ಎರಡೂ ಹೀಗೆ ಎಣಿಸುತ್ತವೆ. ಅದರಲ್ಲೂ ನ್ಯೂಯಾರ್ಕ್ ಅರ್ಧ ದಿನವನ್ನೂ ಒಂದು ದಿನ ಎನ್ನುತ್ತದೆ.

ಗಂಡ ಹೆಂಡತಿಗೆ ಬೇರೆ ಬೇರೆ ನೆಲೆ ಇರಬಹುದು, ಆದರೆ ನಿಮ್ಮ ಕಾಗದಪತ್ರ ಹಾಗೇ ಹೇಳಬೇಕು. ಡ್ರೈವಿಂಗ್ ಲೈಸೆನ್ಸ್ ಎಲ್ಲಿಯದು, ಕಾರು ಎಲ್ಲಿ ನೋಂದಣಿಯಾಗಿದೆ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಹಲ್ಲು ತೋರಿಸುವ ಡಾಕ್ಟರ್ ಯಾವ ಊರಿನವರು ಎಂದು ರಾಜ್ಯದವರು ಕೇಳುವುದುಂಟು.

ಎಡಿಸನ್‌ನ ಮನೆಗೇ ಬರೋಣ. ಈ ಗಂಡ ಮೊದಲಿನಿಂದಲೂ ಟ್ಯಾಂಪಾದವನು, ಮದುವೆಯಾದ ಮೇಲೂ ಅಲ್ಲೇ ಇದ್ದಾನೆ, ಎಡಿಸನ್‌ಗೆ ಬಂದುಹೋಗುತ್ತಾನೆ ಎಂದಾದರೆ ಆತ ಫ್ಲೋರಿಡಾದವನೇ. ಆದರೆ ಇಬ್ಬರೂ ಎಡಿಸನ್‌ನಲ್ಲಿ ಸಂಸಾರ ಮಾಡಿಕೊಂಡಿದ್ದು, ಹೋದ ಮಾರ್ಚ್‌ನಲ್ಲಿ ಆತ ಒಂದು ವರ್ಷದ ಪ್ರಾಜೆಕ್ಟ್‌ಗೆ ಟ್ಯಾಂಪಾಕ್ಕೆ ಹೋಗಿದ್ದರೆ? ನೆಲೆ ಇನ್ನೂ ನ್ಯೂಜೆರ್ಸಿಯೇ. ನೆಲೆ ಇದ್ದೂ ನಾನ್‌ರೆಸಿಡೆಂಟ್ ಎನಿಸಿಕೊಳ್ಳಲು ನ್ಯೂಜೆರ್ಸಿ ಮೂರು ಷರತ್ತು ಇಡುತ್ತದೆ: ಅಲ್ಲಿ ಖಾಯಂ ಮನೆ ಇರಕೂಡದು, ಹೊರಗೆ ಖಾಯಂ ಮನೆ ಇರಬೇಕು, ಇಡೀ ವರ್ಷದಲ್ಲಿ ಅಲ್ಲಿ ಕಳೆದ ದಿನ 30 ದಾಟಿರಕೂಡದು. ಹೆಂಡತಿ ಇರುವ ಮನೆ ಆತನ ಮನೆಯೂ ಹೌದಲ್ಲ, ಮೊದಲ ಷರತ್ತಿನಲ್ಲೇ ಆತ ಬಿದ್ದ. ಫ್ಲೋರಿಡಾದಲ್ಲಿ ದುಡಿದ ಸಂಬಳಕ್ಕೂ ನ್ಯೂಜೆರ್ಸಿ ತೆರಿಗೆ ಕಟ್ಟಬೇಕು. ಫ್ಲೋರಿಡಾ ಬದಲು ಆದಾಯ ತೆರಿಗೆ ಇರುವ ರಾಜ್ಯವಾಗಿದ್ದರೆ ಅಲ್ಲಿ ಕಟ್ಟಿದ್ದಕ್ಕೆ ನ್ಯೂಜೆರ್ಸಿ ಕ್ರೆಡಿಟ್ ಕೊಡುತ್ತಿತ್ತು. ಫ್ಲೋರಿಡಾದಲ್ಲಿ ತೆರಿಗೆಯೇ ಇಲ್ಲ, ಹಾಗಾಗಿ ಕ್ರೆಡಿಟ್ಟೂ ಇಲ್ಲ. "ನಾನು ಟ್ಯಾಕ್ಸ್ ಇಲ್ಲದ ಸ್ಟೇಟ್‌ನಲ್ಲಿದ್ದೀನಿ" ಎಂದು ಬೀಗುವ ಮೊದಲು ಇದನ್ನು ನೋಡಿಕೊಳ್ಳಿ.

ಇನ್ನೊಂದು ಯಾರೂ ಹೇಳದ ವಿಷಯ. ಫ್ಲೋರಿಡಾ ನೆಲೆಯ ಗಂಡ ದೀಪಾವಳಿಗೋ ಕ್ರಿಸ್‌ಮಸ್‌ಗೋ ಬಂದು ಎರಡು ವಾರ ಎಡಿಸನ್‌ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡಿದರೆ, ನಿಯಮದ ಪ್ರಕಾರ ಆ ದಿನಗಳ ಸಂಬಳ ನ್ಯೂಜೆರ್ಸಿಯಲ್ಲಿ ದುಡಿದದ್ದು. ರಜೆ ಹಾಕಿ ಬಂದರೆ ಈ ಪ್ರಶ್ನೆ ಏಳುವುದಿಲ್ಲ. ನ್ಯೂಯಾರ್ಕ್ ಕಚೇರಿಯ ನೌಕರರಂತೂ ಬೇರೆ ರಾಜ್ಯದ ಮನೆಯಿಂದಲೇ ಕೆಲಸ ಮಾಡಿದರೂ, ಅದು ಕಂಪನಿಯ ಅಗತ್ಯಕ್ಕಲ್ಲದೆ ತಮ್ಮ ಅನುಕೂಲಕ್ಕಾದರೆ ನ್ಯೂಯಾರ್ಕ್ ಆ ಸಂಬಳವನ್ನು ತನ್ನದೆನ್ನುತ್ತದೆ.

ಹಂತ 5: ರಾಜ್ಯದ ರಿಟರ್ನ್ ಬೇರೆ ಮಾಡಿ

ಫೆಡರಲ್‌ನಲ್ಲಿ ಜಂಟಿ ಹಾಕಿದರೆ ರಾಜ್ಯಕ್ಕೂ ಜಂಟಿಯೇ ಎಂಬುದು ಸಾಮಾನ್ಯ ನಿಯಮ. ಒಬ್ಬರು ವರ್ಷಪೂರ್ತಿ ರೆಸಿಡೆಂಟ್, ಇನ್ನೊಬ್ಬರು ನಾನ್‌ರೆಸಿಡೆಂಟ್ ಆದಾಗ ಹಲವು ರಾಜ್ಯಗಳು ಇದಕ್ಕೆ ವಿನಾಯಿತಿ ಕೊಡುತ್ತವೆ. ಗಂಡ ಫ್ಲೋರಿಡಾದವನೇ ಎಂದಾದಾಗ ನಮ್ಮ ಎಡಿಸನ್ ಹೆಂಡತಿ ಎನ್‌ಜೆ-1040ಯನ್ನು (ನ್ಯೂಜೆರ್ಸಿ ರೆಸಿಡೆಂಟ್ ರಿಟರ್ನ್) ಒಬ್ಬಳೇ ಹಾಕಿದರೆ, 1,000 ಡಾಲರ್ ವಿನಾಯಿತಿ ಕಳೆದು ತೆರಿಗೆ ಸುಮಾರು 5,454 ಡಾಲರ್. ಗಂಡನನ್ನೂ ಸೇರಿಸಿ ಜಂಟಿ ಹಾಕಿದರೆ ನ್ಯೂಜೆರ್ಸಿ ಇಬ್ಬರನ್ನೂ ತನ್ನವರೆಂದೇ ಎಣಿಸಿ ಪೂರ್ತಿ 2,30,000ದ ಮೇಲೆ ಸುಮಾರು 10,481 ಕೇಳುತ್ತದೆ. ಒಂದು ಆಯ್ಕೆಗೆ 5,000 ಡಾಲರ್ ವ್ಯತ್ಯಾಸ.

ನ್ಯೂಯಾರ್ಕ್‌ನಲ್ಲೂ ಹೀಗೇ. ಒಬ್ಬರು ರೆಸಿಡೆಂಟ್, ಇನ್ನೊಬ್ಬರು ಅಲ್ಲ ಎಂದಾದರೆ ಬೇರೆ ಬೇರೆ ಹಾಕಬೇಕು. ರೆಸಿಡೆಂಟ್ ಆದವರು ಐಟಿ-201 ಫಾರ್ಮ್ ಹಾಕಬೇಕು, ನ್ಯೂಯಾರ್ಕ್ ಮೂಲದ ಆದಾಯ ಇದ್ದರೆ ಮಾತ್ರ ಇನ್ನೊಬ್ಬರು ಐಟಿ-203. ಇಬ್ಬರೂ ಒಪ್ಪಿದರೆ ಜಂಟಿ ಐಟಿ-201 ಹಾಕಬಹುದು, ಆಗ ಇಬ್ಬರ ಆದಾಯವೂ ಅಲ್ಲಿಯದೇ. ಹೊರಗಿರುವವರಿಗೆ ಆದಾಯವೇ ಇಲ್ಲದಿದ್ದರೆ ಜಂಟಿಯೇ ಲಾಭ ಆಗಬಹುದು, ಎರಡೂ ರೀತಿ ಕೂಡಿಸಿ ನೋಡಿ.

ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್ ಜೋಡಿಗಳು ಇಲ್ಲಿ ನಿಲ್ಲಿ. ಅರಿಜೋನಾ, ಕ್ಯಾಲಿಫೋರ್ನಿಯಾ, ಐಡಾಹೊ, ಲೂಸಿಯಾನ, ನೆವಾಡಾ, ನ್ಯೂ ಮೆಕ್ಸಿಕೊ, ಟೆಕ್ಸಾಸ್, ವಾಷಿಂಗ್ಟನ್, ವಿಸ್ಕಾನ್ಸಿನ್ – ಈ ಒಂಬತ್ತು 'ಕಮ್ಯೂನಿಟಿ ಪ್ರಾಪರ್ಟಿ' ರಾಜ್ಯಗಳು. ಮದುವೆಯಾದ ಮೇಲೆ ಇಬ್ಬರಲ್ಲಿ ಯಾರು ದುಡಿದರೂ ಅದು ಅರ್ಧರ್ಧ ಎನ್ನುತ್ತದೆ ಇಲ್ಲಿನ ಕಾನೂನು. ಹೆಂಡತಿ ಸ್ಯಾನ್ ಹೋಸೆಯಲ್ಲಿ ನೆಲೆಸಿ ದುಡಿದರೆ ಆ ಸಂಬಳದಲ್ಲಿ ಅರ್ಧ ಡಲ್ಲಾಸ್‌ನ ಗಂಡನದು. ಅಂದರೆ ಆತ ಕ್ಯಾಲಿಫೋರ್ನಿಯಾಕ್ಕೆ ಕಾಲಿಡದಿದ್ದರೂ ಆತನಿಗೆ ಕ್ಯಾಲಿಫೋರ್ನಿಯಾ ಮೂಲದ ಆದಾಯ ಬಂದ ಹಾಗಾಯಿತು. ಫೆಡರಲ್ ಜಂಟಿ ಹಾಕಿ ಕ್ಯಾಲಿಫೋರ್ನಿಯಾಕ್ಕೆ ಬೇರೆ ಹಾಕುವ ವಿನಾಯಿತಿ ಇರುವುದು ಹೊರಗಿನವರಿಗೆ ಅಲ್ಲಿಯ ಆದಾಯ ಏನೂ ಇಲ್ಲದಿದ್ದಾಗ ಮಾತ್ರ. ಆ ಬಾಗಿಲು ಹೀಗೆ ಮುಚ್ಚಿಹೋಗುತ್ತದೆ, ಜಂಟಿಯಾಗಿ 540ಎನ್‌ಆರ್ (ಕ್ಯಾಲಿಫೋರ್ನಿಯಾದ ನಾನ್‌ರೆಸಿಡೆಂಟ್ ಫಾರ್ಮ್) ಹಾಕಬೇಕಾಗುತ್ತದೆ. ಅಷ್ಟೇ ಅಲ್ಲ, ಟೆಕ್ಸಾಸ್ ಕಾನೂನಿನಂತೆ ಗಂಡನ ಸಂಬಳದ ಅರ್ಧ ಹೆಂಡತಿಯದು. ಆಕೆ ಕ್ಯಾಲಿಫೋರ್ನಿಯಾ ರೆಸಿಡೆಂಟ್ ಆದ್ದರಿಂದ ಆ ಅರ್ಧಕ್ಕೂ ಕ್ಯಾಲಿಫೋರ್ನಿಯಾ ಕೈ ಚಾಚುತ್ತದೆ.

ಈ ರಾಜ್ಯಗಳವರು ಫೆಡರಲ್‌ನಲ್ಲೇ ಬೇರೆ ಹಾಕಿದರೂ ಈ ಅರ್ಧರ್ಧ ತಪ್ಪುವುದಿಲ್ಲ. ಫಾರ್ಮ್ 8958ರಲ್ಲಿ ಯಾರ ಪಾಲು ಎಷ್ಟು ಎಂದು ಹಂಚಿ ತೋರಿಸಬೇಕು. ಒಬ್ಬೊಬ್ಬರು ತಮ್ಮ ಡಬ್ಲ್ಯೂ-2 ಅಷ್ಟನ್ನೇ ಹಾಕಿ ಕೈ ತೊಳೆದುಕೊಳ್ಳುವುದು ತಪ್ಪು, ತುಂಬ ಜನ ಮಾಡುವ ತಪ್ಪು. ಉಳಿದ ಎಲ್ಲ ಹಂತಗಳನ್ನೂ ನೀವೇ ಮಾಡಿ ಎನ್ನುವ ನಾನು ಇದೊಂದಕ್ಕೆ ಮಾತ್ರ ಸಿಪಿಎ ಅಥವಾ ಇಎ (ಐಆರ್‌ಎಸ್ ಪರೀಕ್ಷೆ ಪಾಸಾದ ತೆರಿಗೆ ಸಲಹೆಗಾರ) ಹತ್ತಿರ ಹೋಗಿ ಎನ್ನುತ್ತೇನೆ. "ಕಮ್ಯೂನಿಟಿ ಪ್ರಾಪರ್ಟಿ ಜೋಡಿಗಳ ರಿಟರ್ನ್ ಮಾಡಿದ್ದೀರಾ?" ಎಂದು ಮೊದಲೇ ಕೇಳಿ.

ಹಂತ 6: ಸಾಫ್ಟ್‌ವೇರ್‌ನಲ್ಲಿ 'ಡಮ್ಮಿ' ರಿಟರ್ನ್

ಫೆಡರಲ್ ಜಂಟಿ, ರಾಜ್ಯ ಬೇರೆ ಎಂದಾಗ ರಾಜ್ಯವು 'ನೀವು ಫೆಡರಲ್‌ನಲ್ಲೂ ಬೇರೆ ಹಾಕಿದ್ದರೆ ಎಷ್ಟಾಗುತ್ತಿತ್ತೋ ಆ ಲೆಕ್ಕದಲ್ಲಿ ತೋರಿಸಿ' ಎನ್ನುತ್ತದೆ. ಅದಕ್ಕೆ ಒಂದು ಡಮ್ಮಿ ಬೇಕು. ನಾನು ಮಾಡುವ ರೀತಿ ಇದು:

1. ಜಂಟಿ ಫೆಡರಲ್ ಪೂರ್ತಿ ಮಾಡಿ, ಫೆಡರಲ್ ಮಾತ್ರ ಇ-ಫೈಲ್ ಮಾಡಿ. ರಾಜ್ಯದ ಎದುರಿನ ಗುರುತು ತೆಗೆಯಿರಿ.

2. ಐಆರ್‌ಎಸ್ ಸ್ವೀಕರಿಸಿತು ಎಂಬ ಇಮೇಲ್ ಬಂದ ಮೇಲೆ, ಹೊಸ ಕಡತ ತೆರೆದು ಹೆಂಡತಿಯದು ಮಾತ್ರ 'ಮ್ಯಾರೀಡ್ ಫೈಲಿಂಗ್ ಸೆಪರೇಟ್ಲಿ' ಎಂದು ತುಂಬಿ. ಆಕೆಯ ಡಬ್ಲ್ಯೂ-2, ಆಕೆಯ ಖಾತೆಯ ಬಡ್ಡಿ, ಜಂಟಿ ಖಾತೆಯ ಬಡ್ಡಿಯಲ್ಲಿ ಅರ್ಧ. ಮಕ್ಕಳಿದ್ದರೆ ಒಬ್ಬರ ಕಡೆ ಮಾತ್ರ.

3. ಅದರಿಂದ ಹುಟ್ಟಿದ ರಾಜ್ಯದ ರಿಟರ್ನ್ ಅಷ್ಟೇ ನಿಮಗೆ ಬೇಕಾದ್ದು. ಡಮ್ಮಿಯ ಫೆಡರಲ್ ಭಾಗವನ್ನು ಅಪ್ಪಿತಪ್ಪಿಯೂ ಕಳಿಸಬೇಡಿ.

4. ಫೆಡರಲ್ ಇಲ್ಲದೆ ರಾಜ್ಯದ್ದನ್ನು ಇ-ಫೈಲ್ ಮಾಡಲು ಸಾಫ್ಟ್‌ವೇರ್ ಬಿಡದಿದ್ದರೆ ಪ್ರಿಂಟ್ ತೆಗೆದು, ಸಹಿ ಹಾಕಿ, ಡಬ್ಲ್ಯೂ-2 ಪ್ರತಿ ಸೇರಿಸಿ ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ. ರಸೀದಿ ಇಟ್ಟುಕೊಳ್ಳಿ.

ನನ್ನ ಮೊದಲ ವರ್ಷ ಸಾಫ್ಟ್‌ವೇರ್ ಏನೂ ಕೇಳದೆ ರಾಜ್ಯಕ್ಕೂ ಜಂಟಿ ಎಂದೇ ತುಂಬಿಕೊಂಡಿತ್ತು. ಕೊನೆಯ ಪರದೆಯಲ್ಲಿ ರೀಫಂಡ್ ಬರುವ ಬದಲು ಬಾಕಿ ತೋರಿಸಿದ್ದರಿಂದ ಅನುಮಾನ ಬಂತು, ಇಲ್ಲದಿದ್ದರೆ 'ನೆಕ್ಸ್ಟ್' ಒತ್ತಿಬಿಡುತ್ತಿದ್ದೆ.

ಹಂತ 7: ಸಹಿ, ಗಡುವು

ಜಂಟಿ ರಿಟರ್ನ್‌ಗೆ ಇಬ್ಬರ ಸಹಿಯೂ ಬೇಕು. ಇ-ಫೈಲ್‌ನಲ್ಲಿ ಇಬ್ಬರಿಗೂ ಪ್ರತ್ಯೇಕ ಪಿನ್. ಹೋದ ವರ್ಷದ ಎಜಿಐ (ಕಡಿತಗಳಿಗೆ ಮುಂಚಿನ ಹೊಂದಾಣಿಕೆಯ ಆದಾಯ) ಎಷ್ಟೆಂದು ಕೇಳುತ್ತದೆ. ಹೋದ ವರ್ಷ ಬೇರೆ ಬೇರೆ ಹಾಕಿದ್ದರೆ ತಂತಮ್ಮ ಎಜಿಐ ಹಾಕಿ, ಕೂಡಿಸಿ ಹಾಕಿದರೆ ತಿರಸ್ಕಾರವಾಗುತ್ತದೆ. ವಿಳಾಸ ಒಂದೇ ಕೊಡಬೇಕು. ಕಾಗದ ಬಂದರೆ ತೆರೆದು ನೋಡುವವರ ವಿಳಾಸ ಕೊಡಿ.

ಏಪ್ರಿಲ್ 15ಕ್ಕೆ ಆಗುವುದಿಲ್ಲ ಅನಿಸಿದರೆ ಫಾರ್ಮ್ 4868 ಹಾಕಿ ಅಕ್ಟೋಬರ್ 15ರವರೆಗೆ ಸಮಯ ಪಡೆಯಬಹುದು. ಅದು ಕಾಗದ ಕೊಡಲು ಸಮಯ, ದುಡ್ಡು ಕಟ್ಟಲು ಅಲ್ಲ. ಅಂದಾಜು ಬಾಕಿಯನ್ನು ಏಪ್ರಿಲ್‌ನಲ್ಲೇ ಕಟ್ಟಿ. ಊರಿನ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಯಾವತ್ತಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ (ವಿದೇಶಿ ಖಾತೆಗಳ ವರದಿ) ಬೇರೆಯೇ ಹಾಕಬೇಕು. ಅದು ರಿಟರ್ನ್ ಜೊತೆ ಹೋಗುವುದಿಲ್ಲ, ಬೇರೆ ವೆಬ್‌ಸೈಟಿನಲ್ಲಿ ಹಾಕಬೇಕು.

ಹಂತ 8: ಅದೇ ವಾರ ಡಬ್ಲ್ಯೂ-4 ಸರಿಪಡಿಸಿ

ಡಬ್ಲ್ಯೂ-4 ಅಂದರೆ 'ನನ್ನ ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಿರಿ' ಎಂದು ಕಂಪನಿಗೆ ಕೊಡುವ ಚೀಟಿ. ಮದುವೆಯಾದ ಖುಷಿಯಲ್ಲಿ ಇಬ್ಬರೂ ತಂತಮ್ಮ ಕಂಪನಿಯಲ್ಲಿ 'ವಿವಾಹಿತರು, ಜಂಟಿ' ಎಂದು ಗುರುತು ಹಾಕಿ ಉಳಿದದ್ದು ಖಾಲಿ ಬಿಡುತ್ತಾರೆ. ಇಬ್ಬರ ಕಂಪನಿಗಳೂ ಮನೆಯಲ್ಲಿ ದುಡಿಯುವುದು ತಮ್ಮ ನೌಕರ ಒಬ್ಬನೇ ಎಂದುಕೊಂಡು ಪೂರ್ತಿ ಜಂಟಿ ಕಡಿತವನ್ನು ಎರಡು ಸಲ ಕೊಡುತ್ತವೆ. ನಮ್ಮ 1,20,000 ಮತ್ತು 1,10,000ದ ಜೋಡಿ ವರ್ಷಪೂರ್ತಿ ಹೀಗೆ ಬಿಟ್ಟರೆ ಹಿಡಿದ ತೆರಿಗೆ 19,500 ಡಾಲರ್ ಆಸುಪಾಸು, ಕಟ್ಟಬೇಕಾದ್ದು 33,500. ಏಪ್ರಿಲ್‌ನಲ್ಲಿ ಒಂದೇ ಏಟಿಗೆ 14,000 ಡಾಲರ್, ಮೇಲೆ ಕಡಿಮೆ ಕಟ್ಟಿದ್ದಕ್ಕೆ ದಂಡವೂ ಬೀಳಬಹುದು.

ಮದ್ದು ಸುಲಭ. ಇಬ್ಬರ ಸಂಬಳ ಹತ್ತಿರ ಹತ್ತಿರ ಇದ್ದರೆ ಇಬ್ಬರೂ 2(ಸಿ) ಚೌಕಕ್ಕೆ ಗುರುತು ಹಾಕಿ. ಒಬ್ಬರೇ ಹಾಕಿದರೆ ಸಾಲದು. ಸಂಬಳದಲ್ಲಿ ತುಂಬ ಅಂತರವಿದ್ದರೆ ಐಆರ್‌ಎಸ್ ವೆಬ್‌ಸೈಟಿನ ವಿತ್‌ಹೋಲ್ಡಿಂಗ್ ಎಸ್ಟಿಮೇಟರ್‌ಗೆ ಇಬ್ಬರ ಇತ್ತೀಚಿನ ಪೇ ಸ್ಲಿಪ್ ಹಾಕಿ, ಅದು ಹೇಳಿದ ಹೆಚ್ಚುವರಿ ಮೊತ್ತವನ್ನು 4(ಸಿ) ಸಾಲಿನಲ್ಲಿ ಬರೆಯಿರಿ. ಎಚ್‌ಆರ್ ಪೋರ್ಟಲ್‌ಗೆ ಹೇಗೂ ಹೋಗಿರುತ್ತೀರಿ, ಅಲ್ಲಿ ಮನೆಯ ವಿಳಾಸ ಮತ್ತು ಕೆಲಸದ ರಾಜ್ಯ ಸರಿ ಇದೆಯಾ ಎಂದೂ ಕಣ್ಣು ಹಾಯಿಸಿ ಬನ್ನಿ.